ಸರೋಜಮ್ಮನ ಮನೆಯ ವೈರಿಂಗ್

ಸರೋಜಮ್ಮನ ಗಂಡ ರುದ್ರಪ್ಪ ಸತ್ತದ್ದು ಪ್ಲಂಬರ್ ಹೊನ್ನೂರಪ್ಪನ ಕೈತಪ್ಪಿನಿಂದಲ್ಲ. ನನ್ನ ತಮ್ಮನ ಕೆಲಸದಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ಅವತ್ತೇ ಏನು, ಅದಕ್ಕೂ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಾನು ಹೊನ್ನೂರಪ್ಪನ ಹೆಸರು ಹೇಳಿದೆ.

ರಾಯದುರ್ಗದಲ್ಲಿ ನನ್ನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಪೈಪು, ನಲ್ಲಿಗಳನ್ನೂ ಇಟ್ಟಿದ್ದೇನೆ. ಇಂಥ ಅಂಗಡಿಗೆ ಜನ ಸಾಮಾನಿಗೆ ಬಂದಷ್ಟೇ ಒಂದು ಹೆಸರು ಕೇಳಲಿಕ್ಕೂ ಬರುತ್ತಾರೆ. ಫ್ಯಾನು ಕೂರಿಸುವವರು ಯಾರಿದ್ದಾರೆ, ಮೋಟಾರು ನೋಡುವವರು ಯಾರು, ನಂಬಬಹುದೇ... ಕರೆದರೆ ಬರುವವರೇ ಕಡಿಮೆ. ಬಂದವರು ಗೋಡೆ ಒಡೆದಿಟ್ಟು ಹೋದರೆ ಮತ್ತೆ ಫೋನು ಎತ್ತುವುದಿಲ್ಲ. ಎಷ್ಟೋ ಮನೆಗಳಲ್ಲಿ ಅರ್ಧ ಒಡೆದ ಗೋಡೆಯ ಮುಂದೆಯೇ ಮದುವೆ ಮುಂಜಿ ನಡೆದುಹೋಗಿವೆ. ಹಾಗಾಗಿ ನಾನು ಒಬ್ಬರ ಹೆಸರು ಹೇಳಿದರೆ ಜನ ಎರಡನೇ ಮಾತು ಕೇಳುತ್ತಿರಲಿಲ್ಲ.

ನನ್ನ ತಮ್ಮ ಬಸವರಾಜ ಐಟಿಐ ಸೇರಿ ನಡುವೆ ಬಿಟ್ಟವನು. ಮದುವೆಯಾಗಿತ್ತು, ದುಡಿಮೆ ಇರಲಿಲ್ಲ. ಅವನ ಹೆಂಡತಿ ನಮ್ಮ ಅಡುಗೆಮನೆಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡುವುದನ್ನು ನೋಡಲಾಗದೆ, ಅಂಗಡಿಗೆ ಯಾರು ವೈರಿಂಗಿಗೆ ಕೇಳಿಕೊಂಡು ಬಂದರೂ ಅವನನ್ನೇ ಕಳಿಸತೊಡಗಿದೆ. ಅವನ ಕೆಲಸ ಮೇಲೆ ನೋಡಲು ಚೆಂದ. ಬೋರ್ಡು ನೆಟ್ಟಗೆ ಕೂರಿಸುತ್ತಿದ್ದ. ಗೋಡೆಯ ಒಳಗಿನದನ್ನು ಮಾತ್ರ...

ಸರೋಜಮ್ಮ ಜೀನ್ಸ್ ಪ್ಯಾಂಟ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುತ್ತಿದ್ದರು. ರುದ್ರಪ್ಪ ಅಲ್ಲಿಯೇ ಕಟಿಂಗ್ ಮಾಸ್ತರ. ಇಬ್ಬರೂ ಸೇರಿ ಕೋಟೆಗುಡ್ಡದ ಕಡೆ ಮನೆ ಕಟ್ಟಿಸುತ್ತಿದ್ದರು. ಆಕೆ ಅಂಗಡಿಗೆ ಬಂದು ಹೇಳಿದ ಮಾತು ನೆನಪಿದೆ.

"ಮೇಸ್ತ್ರಿಗಳ ಕೈಯಾಗ ಸಾಕಾಗೈತ್ರಿ ಅಣ್ಣಾರ. ಕರೆಂಟಿನ ಕೆಲಸಕ್ಕಾದ್ರೂ ಒಬ್ಬ ನಂಬಿಗಸ್ತನ್ನ ಹೇಳ್ರಿ. ನೀವು ಹೇಳಿದ್ರ ಮುಗೀತು."

ನಾನು ತಮ್ಮನ ಹೆಸರು ಹೇಳಿದೆ.

ಆ ಮನೆಯ ಸಾಮಾನೆಲ್ಲ ನನ್ನ ಅಂಗಡಿಯಿಂದಲೇ ಹೋಯಿತು. ಆದ್ದರಿಂದಲೇ ನನಗೆ ಗೊತ್ತು. ವೈರು ಹೋಯಿತು, ಸ್ವಿಚ್ಚು ಹೋಯಿತು, ಆದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಹೂಳುವ ಅರ್ಥಿಂಗ್ ಪೈಪು ಹೋಗಲಿಲ್ಲ. ಅದಕ್ಕೆ ಜೋಡಿಸುವ ಹಸಿರು ವೈರೂ ಹೋಗಲಿಲ್ಲ. ಕೆಲಸ ಮುಗಿಯಿತೆಂದು ತಮ್ಮ ಬಂದಾಗ ಕೇಳಿದೆ. "ಆಮೇಲೆ ಹಾಕ್ತೀನಿ ಬಿಡಣ್ಣ, ಯಾರು ನೋಡ್ತಾರ" ಎಂದ. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗಿಗೆಂದಿರುವ ಮೂರನೇ ತೂತಿನ ಹಿಂದೆ ಏನೂ ಇಲ್ಲ ಎಂದು ಆ ಮಾತಿನಲ್ಲೇ ತಿಳಿಯಿತು. ಅವನನ್ನು ವಾಪಸ್ ಕಳಿಸಬೇಕಿತ್ತು. ಗಿರಾಕಿಗಳಿದ್ದರು, ನಾಳೆ ಹೇಳೋಣ ಎಂದುಕೊಂಡೆ — ನಾಳೆಯೂ ಹೇಳಲಿಲ್ಲ.

ಚಳಿಗಾಲಕ್ಕೆ ಅವರು ಗೀಜರ್ ತಂದರು. ಅದನ್ನು ಗೋಡೆಗೆ ಕೂರಿಸಿ ನೀರಿನ ಪೈಪು ಜೋಡಿಸಿದವನು ಹೊನ್ನೂರಪ್ಪ. ಬೆಳುಗುಪ್ಪ ಕಡೆಯವನು, ನಮ್ಮ ಊರಿನಲ್ಲಿ ಪ್ಲಂಬರ್ ಕೆಲಸ ಮಾಡಿಕೊಂಡಿದ್ದ. ಬರುತ್ತೇನೆ ಎಂದ ದಿನ ಬರುತ್ತಿದ್ದ. ಇಷ್ಟು ಹೇಳಿದರೆ ನಮ್ಮ ಊರಿನವರಿಗೆ ಅವನು ಎಂಥವನೆಂದು ತಿಳಿಯುತ್ತದೆ.

ಒಂದು ಮುಂಜಾನೆ ರುದ್ರಪ್ಪ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ.

ಕರೆಂಟು ಹೊಡೆದು ಸತ್ತರೆಂದು ಸುದ್ದಿ ಕೇಳಿ ಓಡಿದೆ. ಅಂಗಳದ ತುಂಬ ಜನ. ಸರೋಜಮ್ಮ ಗೋಡೆಗೆ ಒರಗಿ ಕೂತಿದ್ದರು, ಅಳುತ್ತಿರಲಿಲ್ಲ. ಗೀಜರಿನ ಒಳಗೆ ಏನು ಕೆಟ್ಟಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅರ್ಥಿಂಗ್ ಇದ್ದಿದ್ದರೆ ಆ ಕರೆಂಟು ನೆಲಕ್ಕೆ ಇಳಿದು ಹೋಗುತ್ತಿತ್ತು, ಇಷ್ಟು ಗೊತ್ತು. ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಕರೆಂಟಿನ ವಿಷಯದಲ್ಲಿ ಅವರು ನಂಬುತ್ತಿದ್ದುದು ನನ್ನ ಮಾತನ್ನೇ. ನಾನು ಬಚ್ಚಲಿಗೆ ಹೋಗಿ, ತಲೆ ಎತ್ತಿ ನೋಡಿದ ಹಾಗೆ ಮಾಡಿ, ಹೊರಗೆ ಬಂದು ಹೇಳಿದೆ:

"ವೈರಿಂಗ್ ಸರಿ ಐತಿ. ಗೀಜರ್ ಕೂರ್ಸಿದವನು ಪೈಪು ಸರಿಯಾಗಿ ಬಿಗಿದಿಲ್ಲ. ನೀರು ವೈರಿನಾಗ ಇಳದೈತಿ."

ಆ ಮಾತನ್ನು ನಾನು ಮೊದಲೇ ಯೋಚಿಸಿಕೊಂಡು ಹೋಗಿರಲಿಲ್ಲ. ಅಷ್ಟು ಸಲೀಸಾಗಿ ಹೇಗೆ ಬಂತೋ... ನನ್ನ ಹಿಂದೆ ಬಸವರಾಜ ನಿಂತಿದ್ದ. ಅವನು ಉಸಿರು ಬಿಟ್ಟದ್ದು ನನ್ನ ಕುತ್ತಿಗೆಗೆ ತಾಕಿತು.

ವಿಚಾರಣೆಗೆ ಬಂದವರಿಗೂ ಅದನ್ನೇ ಹೇಳಿದೆ. ಅಪಘಾತವೆಂದು ಬರೆದುಕೊಂಡರು. ಸರೋಜಮ್ಮ ತವರಿಗೆ ಹೋಗಿದ್ದಾಗ, ವೈರಿಂಗ್ ಇನ್ನೊಮ್ಮೆ ನೋಡುತ್ತೇವೆಂದು ಬೀಗದ ಕೈ ಕೇಳಿ ಇಸಿದುಕೊಂಡು, ನಾನೂ ತಮ್ಮನೂ ಒಳಗೆ ಹಸಿರು ವೈರು ಎಳೆದು, ಅವರ ಹಿತ್ತಲಲ್ಲಿ ಗುಂಡಿ ತೋಡಿ ಅರ್ಥಿಂಗ್ ಪೈಪು ಹೂತೆವು. ಮಣ್ಣು ಮುಚ್ಚಿ, ಹೊಸದಾಗಿ ಅಗೆದದ್ದು ಕಾಣದಿರಲೆಂದು ಮೇಲೆ ನೀರು ಚಿಮುಕಿಸಿದೆವು. ಆಕೆ ತಿರುಗಿ ಬಂದು, "ಇಂಥಾ ಟೈಮಿನಾಗ ನೀವಾದ್ರೂ ಬಂದು ಎಲ್ಲಾ ನೋಡಿದ್ರಲ್ಲ ಅಣ್ಣಾರ" ಎಂದು ಕೈಮುಗಿದರು. ನಾನು ಆ ಮನೆಯ ಚಹಾ ಕುಡಿದು ಬಂದೆ.

ಹೊನ್ನೂರಪ್ಪನನ್ನು ಸರೋಜಮ್ಮನ ಅಣ್ಣ ನಡುಬೀದಿಯಲ್ಲಿ ಹೊಡೆದ. ನನ್ನ ಅಂಗಡಿಯಿಂದ ಕಾಣುವಷ್ಟು ಹತ್ತಿರದಲ್ಲಿ. ಮರುದಿನ ಅವನು ತುಟಿ ಬಾತುಕೊಂಡೇ ನನ್ನ ಹತ್ತಿರ ಬಂದ.

"ಸಾವ್ಕಾರ್ರ, ನೀವು ಒಂದ್ಮಾತು ಹೇಳ್ರಿ. ಊರು ನಿಮ್ಮ ಮಾತು ಕೇಳ್ತೈತಿ. ನಾನು ವೈರು ಮುಟ್ಟಿಲ್ರಿ."

"ನನಗೇನು ಗೊತ್ತಪ್ಪ" ಎಂದೆ. ಅವನು ಮೆಟ್ಟಿಲು ಇಳಿದು ಹೋದ. ಅವನನ್ನು ಮತ್ತೆ ಯಾವ ಮನೆಯವರೂ ಕರೆಯಲಿಲ್ಲ. ಕೇಳಲು ಬಂದವರಿಗೆ ನಾನೂ ಅವನ ಹೆಸರು ಹೇಳಲಿಲ್ಲ.

ವರ್ಷಗಳು ಕಳೆದವು. ಬಸವರಾಜ ಈಗ ದೊಡ್ಡ ಕೆಲಸಗಳನ್ನು ಹಿಡಿಯುತ್ತಾನೆ, ಕೈಕೆಳಗೆ ಆಳುಗಳಿದ್ದಾರೆ. ಹೋದ ವರ್ಷ ಅವನು ವೈರಿಂಗ್ ಮಾಡಿದ ಇನ್ನೊಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳು ಗ್ರೈಂಡರ್ ಮುಟ್ಟಿ ಬಿದ್ದಳು. ಬದುಕಿಕೊಂಡಳು. ನಾನು ಹೋಗಿ ಪ್ಲಗ್ಗು ಬಿಚ್ಚಿ ನೋಡಿದೆ. ಮೂರನೇ ತೂತಿನ ಹಿಂದೆ ವೈರಿರಲಿಲ್ಲ. ಅಂದರೆ ರುದ್ರಪ್ಪ ಸತ್ತ ಮೇಲೂ... "ಎಲ್ಲಾರಿಗೂ ಹೇಳ್ತೀನಿ" ಎಂದು ತಮ್ಮನಿಗೆ ಹೇಳಿದೆ. "ಹೇಳಿದ್ರ ಸತ್ತವ್ರು ಎದ್ದು ಬರ್ತಾರೇನಣ್ಣ?" ಎಂದ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಅವನ ಕೆಲಸ ನಿಂತಿಲ್ಲ. ನಾನೇ ಹಬ್ಬಿಸಿದ ಹೆಸರು, ಈಗ ನಾನು ಬೇಡವೆಂದರೆ ಜನ ಅಣ್ಣತಮ್ಮಂದಿರ ಜಗಳ ಎನ್ನುತ್ತಾರೆ.

ಹೊನ್ನೂರಪ್ಪನನ್ನು ಹುಡುಕಿಕೊಂಡು ಬೆಳುಗುಪ್ಪ ಕಡೆಯ ಅವನ ಊರಿಗೆ ಹೋದೆ. ಬೇರೆಯವರ ಕುರಿ ಕಾಯುತ್ತಿದ್ದ. ಹೊಲದ ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ಪೈಪು ಹೂತದ್ದನ್ನೂ ಬಿಡದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಹೊಡೆದರೂ ಸರಿ ಎಂದುಕೊಂಡು ಹೋಗಿದ್ದೆ.

"ನನಗ ಸಮಾಧಾನ ಮಾಡಾಕ ಹೇಳ್ತೀರಿ ಸಾವ್ಕಾರ್ರ" ಎಂದ. "ನಾನೂ ಭಾಳ ವಿಚಾರ ಮಾಡೀನ್ರಿ. ಪೈಪಿನ ಕಡೀ ನಟ್ಟು ಬಿಗಿದಿದ್ದು ನೆನಪಿಗೇ ಬರಂಗಿಲ್ಲ. ನಾನಾ ಬಿಟ್ಟಿರಬೇಕು. ಒಂದು ಜೀವ ತಗದ ಕೈ ಇದು. ಅದಕ್ಕಾ ಆ ಕೆಲಸ ಮತ್ತ ಮುಟ್ಲಿಲ್ಲ."

"ಇಲ್ಲೋ ಹೊನ್ನೂರಪ್ಪ, ನಾನು ಸುಳ್ಳು ಹೇಳಿದ್ದೆ" ಎಂದು ಮತ್ತೆ ಮತ್ತೆ ಹೇಳಿದೆ. ಅವನು ಹೌದ್ರಿ, ಹೌದ್ರಿ ಎನ್ನುತ್ತಾ ಕುರಿಗಳ ಕಡೆ ನೋಡುತ್ತಿದ್ದ. ಅವನ ಊರಿನಲ್ಲೂ ಎಲ್ಲರೂ ಹಾಗೆಯೇ ನಂಬಿದ್ದಾರೆ. ನನ್ನ ಒಂದು ಮಾತನ್ನು ಅವನು ಇಷ್ಟು ವರ್ಷ ಹೊತ್ತು ಕೊನೆಗೆ ತನ್ನದೇ ಮಾಡಿಕೊಂಡಿದ್ದ. ಅದನ್ನು ಅವನಿಂದ ಕಿತ್ತುಕೊಳ್ಳಲು ನನ್ನಿಂದ ಆಗಲಿಲ್ಲ.

ಅಲ್ಲಿಂದ ನೇರವಾಗಿ ಸರೋಜಮ್ಮನ ಮನೆಗೆ ಹೋದೆ. ಅವರು ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಹೇಳುತ್ತಾ ಹೋದ ಹಾಗೆ ಯಂತ್ರ ನಿಂತಿತು. ಎಲ್ಲವನ್ನೂ ಹೇಳಿ ಮುಗಿಸಿದೆ. ಗಂಡನ ಬಗ್ಗೆ ಕೇಳುತ್ತಾರೆ, ಶಾಪ ಹಾಕುತ್ತಾರೆ ಎಂದು ಕಾದೆ.

"ನಮ್ಮಣ್ಣ ಹೊನ್ನೂರಪ್ಪಗ ಹೊಡಿಯಾಕ ಹೊಂಟಾಗ ಬ್ಯಾಡ ಅನ್ನಲಿಲ್ರಿ ನಾನು" ಎಂದರು. "ಇನ್ನೂ ನಾಕು ಹಾಕಿ ಬಾ ಅಂದಿದ್ನಿ."

ಎದ್ದು ಒಳಗೆ ಹೋದರು. ನಾನು ಅಂಗಳದಲ್ಲಿ ನಿಂತೇ ಇದ್ದೆ. ಒಳಗಿನಿಂದ ಮೊದಲ ಸಲ ಅವರು ಅಳುವುದು ಕೇಳಿಸಿತು.