ಮುಖ ಹೊತ್ತೊಯ್ಯುವ ಮುನ್ನ

ಸುವಾ ಪಟ್ಟಣದ ಅಂಚಿನಲ್ಲಿ, ಕಾಂಡ್ಲಾ ಗಿಡಗಳ ಕೆಸರಿನ ಮೇಲೆ ನಿಂತ ನಮ್ಮ ತಗಡಿನ ಕೇರಿಗೆಲ್ಲ ಆಗ ಇದ್ದದ್ದು ಒಂದೇ ಕ್ಯಾಮೆರಾ, ಆಸಿನಾತೆಯದು. ಹಗಲು ಮೀನು ಮಾರಿ, ಸಂಜೆ ಹಲಗೆ ದಾರಿಯಲ್ಲಿ ಮನೆಮನೆಗೆ ಬರುವಳು. ಮರಗೆಣಸು ಸುಲಿಯುವ ಕೈ, ಒಂದೇ ಸೊಳ್ಳೆಪರದೆಯೊಳಗೆ ಮಲಗಿದ ಮನೆಮಂದಿಯ ಪಾದಗಳು, ಕಡಲುಬ್ಬರದ ನೀರಲ್ಲಿ ತೇಲುವಂಥ ಮನೆಗಳು. ಅವಳ ಚಿತ್ರಗಳಲ್ಲಿ ನಾವು ನಮ್ಮದೇ ಕನಸಿನೊಳಗೆ ಓಡಾಡುತ್ತಿದ್ದೆವು.

ಅವಳದೊಂದು ಮೊಂಡುತನ. ಮಗುವನ್ನು ಮೊದಲ ಸಲ ತಾಯಿಯ ತವರಿಗೆ ಕಾಣಿಕೆಯ ಚಾಪೆ, ತಿಮಿಂಗಿಲದ ಹಲ್ಲು ಸಮೇತ ಕರೆದೊಯ್ದು ಒಪ್ಪಿಸುವುದಕ್ಕೆ ನಮ್ಮಲ್ಲಿ ‘ಮುಖ ಹೊತ್ತೊಯ್ಯುವುದು’ ಅನ್ನುತ್ತೇವೆ. ಅದಾಗದ ಮಗುವಿನ ಮುಖ ಅವಳು ತೆಗೆಯಳು, ಬೆನ್ನು ಮಾತ್ರ. ಹಾಗೆ ಮಾಡು ಅಂತ ಯಾವ ಹಿರಿಯರೂ ಹೇಳಿರಲಿಲ್ಲ.

“ಏ ಬೆನ್ನಿನ ಕ್ಯಾಮೆರಾ, ಗಂಡನ್ನಾದ್ರೂ ಎದುರಿಂದ ನೋಡಿದೀಯೇನೇ?” ಅಂತ ನಾನೇ ರೇಗಿಸುತ್ತಿದ್ದೆ.

ಪಕ್ಕದ ಮನೆಯ ಸೆರೇಮಾ ಓಡಿಬಂದು ಮದುವೆಯಾದವಳು; ಮಗಳು ಲೋಸಾನಾಳ ಮುಖ ಇನ್ನೂ ಹೊತ್ತೊಯ್ದಿರಲಿಲ್ಲ. ಕಂದಾವು ದ್ವೀಪದಲ್ಲಿ ಅವಳ ತಾಯಿಗೆ ಕಣ್ಣು ಮಂಜಾಗುತ್ತಿತ್ತು. ಒಯ್ಯಬೇಕಾದ ಚಾಪೆಗಳು ಇನ್ನೂ ಅರ್ಧ ಹೆಣಿಗೆಯಲ್ಲಿದ್ದವು.

“ಅಕ್ಕಾ, ಲೋಸಾನಾ ಮುಖ ಒಂದೇ ಸಲ ತೆಗೆದುಕೊಡೇ. ಅವ್ವನ ಕಣ್ಣು ಹೋಗೋದ್ರೊಳಗೆ ಕಳಿಸ್ತೀನಿ.”

“ಮುಖ ಟಪಾಲಲ್ಲಿ ಹೋಗಲ್ಲ ಕಣೇ. ಹೊತ್ಕೊಂಡು ಹೋಗ್ಬೇಕು.”

ಸೆರೇಮಾ ಅತ್ತಳು. ನನಗೆ ಮೈ ಉರಿಯಿತು. “ಮುದುಕಿ ಕಣ್ಣಿಗಿಂತ ನಿನ್ನ ಹಠ ದೊಡ್ಡದೇನೇ?” ಅಂದೆ. ಆಸಿನಾತೆ, ಸೆರೇಮಾ ಮಗಳ ತಲೆ ಬಾಚುವುದನ್ನು ಹಿಂದಿನಿಂದ ತೆಗೆದು ಕಳಿಸಿದಳು. ಪುಟ್ಟ ಕತ್ತು, ಕಿವಿಯ ಹಿಂದೆ ಮೆಣಸಿನಕಾಳಿನಂಥ ನರುಳ್ಳೆ, ಅಷ್ಟೇ.

ಚಾಪೆ ಮುಗಿದು, ನಾವೆಲ್ಲ ಹಡಗು ಹತ್ತಿ ಕಂದಾವು ತಲುಪುವಷ್ಟರಲ್ಲಿ ಲೋಸಾನಾಳ ಅಜ್ಜಿಯ ಕಣ್ಣು ಪೂರ್ತಿ ಕತ್ತಲಾಗಿತ್ತು. ಆಸಿನಾತೆ ಬಾಗಿಲಲ್ಲೇ ನಿಂತುಬಿಟ್ಟಳು. “ನಾನೇ ತಪ್ಪಿಸಿಬಿಟ್ಟೆ ಕಣೇ,” ಅಂದಳು. ಮೊದಲ ಬಾರಿಗೆ ಅವಳನ್ನು ಕಂಡು ನನಗೆ ಅಯ್ಯೋ ಅನ್ನಿಸಿತು.

ತಿಮಿಂಗಿಲದ ಹಲ್ಲು ಒಪ್ಪಿಸಿದ್ದಾಯಿತು. ಲೋಸಾನಾಳನ್ನು ಅಜ್ಜಿಯ ಮಡಿಲಿಗಿಟ್ಟರು. ಅಜ್ಜಿಯ ಕೈ ಮೊದಲು ಹೋದದ್ದು ಕತ್ತಿಗೆ. ಅಲ್ಲಿಂದ ಕಿವಿಯ ಹಿಂದಕ್ಕೆ.

“ಇಕೋ, ನರುಳ್ಳೆ! ಇವಳೇ ನನ್ನ ಹುಡುಗಿ. ಚಿತ್ರ ನೋಡೀ ನೋಡೀನೇ ನನ್ನ ಕಣ್ಣು ಸವೆದಿದ್ದು. ಮುಖ ಹೇಗಿದ್ದೀತು ಅಂತ ದಿನಾ ಒಂದೊಂದು ಕನಸು ಕಂಡೆ. ತಿರುಗೇ ಮುದ್ದೂ, ಯಾವ ಕನಸು ನಿಜ ನೋಡೋಣ.”

ಮಗು ತಿರುಗಿತು. ಆಸಿನಾತೆ ಅಳುತ್ತಲೇ ಕ್ಯಾಮೆರಾ ಎತ್ತಿದಳು. ಲೋಸಾನಾಳನ್ನು ಅವಳು ಎದುರಿನಿಂದ ತೆಗೆದ ಮೊದಲ ಚಿತ್ರ ಅದು. ಅದರಲ್ಲೂ ಮುಖ ಕಾಣುವುದಿಲ್ಲ. ಮುಖದ ತುಂಬ ಅಜ್ಜಿಯ ಬೆರಳುಗಳೇ ಇವೆ.