ಒಂದೂವರೆ ಇಂಚು

ನನ್ನ ಸೋದರತ್ತೆ ಹೊಸ ಬಟ್ಟೆ ಹೊಲಿಯುವುದಿಲ್ಲ. ಯಾರಾದರೂ ಬಟ್ಟೆಯ ಪೀಸು ಹಿಡಿದು ಅಂಗಡಿಯೊಳಗೆ ಬಂದರೆ ಪಕ್ಕದ ಬೀದಿಯ ದರ್ಜಿಯ ಕಡೆ ಕೈ ತೋರಿಸುತ್ತಾಳೆ. ಅವಳದು ಆಲ್ಟರೇಶನ್ ಮಾತ್ರ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಅಣ್ಣನ ಕೋಟನ್ನು ತಮ್ಮನ ಮೈಗೆ ಕೂರಿಸುವುದು. ಜಗತ್ತಿನಲ್ಲಿ ಯಾವುದೂ ಯಾರಿಗೂ ಸರಿಯಾದ ಅಳತೆಯಲ್ಲಿ ಸಿಗುವುದಿಲ್ಲ, ಬಿಚ್ಚಿ ಹೊಲಿದರೆ ಕೂರದೇ ಇರುವುದೂ ಇಲ್ಲ ಎನ್ನುವುದು ಅವಳ ನಂಬಿಕೆ. "ಅರ್ಧ ಇಂಚು ಒಳಗೆ ಬಿಟ್ಟಿರ್ತೀನಿ, ಮುಂದೆ ಬೇಕಾಗುತ್ತೆ" ಎಂದು ಬಂದವರಿಗೆಲ್ಲ ಹೇಳಿ ಹೇಳಿ ಅವಳ ಹೆಸರೇ ಅರ್ಧಿಂಚು ಎಂದಾಗಿಬಿಟ್ಟಿದೆ. ಅವಳು ನಾಲ್ಕಡಿ ಹತ್ತಿಂಚು ಇರುವುದಕ್ಕೂ ಆ ಹೆಸರಿಗೂ ಏನೇನೂ ಸಂಬಂಧವಿಲ್ಲ ಎಂದು ನಾವು ಅವಳ ಎದುರಿಗೆ ಹೇಳುತ್ತೇವೆ.

ಇಂಥ ಅತ್ತೆಯ ಇಪ್ಪತ್ತು ವರ್ಷದ ಸ್ಕೂಟರು ಒಂದು ಬೆಳಿಗ್ಗೆ ಅಂಗಡಿಯ ಮುಂದೆಯೇ ಎರಡು ಸಲ ಕೆಮ್ಮಿ ಕಣ್ಣು ಮುಚ್ಚಿತು. ಪಾಪ ಎಷ್ಟು ನೊಂದುಕೊಂಡಿದ್ದಾಳೋ ಎಂದು ನಾವು ಅಂದುಕೊಳ್ಳುತ್ತಿದ್ದರೆ, ಅವಳು ಸಂಜೆ ನಮ್ಮ ಮನೆಗೆ ಬಂದು, ಸೋಫಾದ ಮೇಲೆ ಕೂತು, ನೆಲ ಮುಟ್ಟದ ಎರಡು ಕಾಲುಗಳನ್ನೂ ಆಡಿಸುತ್ತಾ, ತಾನು ಬೈಕು ತೆಗೆದುಕೊಳ್ಳುವುದಾಗಿ ಸಾರಿದಳು. ಅಪ್ಪ ಕಾಫಿ ಲೋಟ ಕೆಳಗಿಟ್ಟ. ನನಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಗೇರು ಹಾಕುವುದನ್ನು ಅವಳು ನನ್ನ ನೂರ ಹತ್ತು ಸಿ.ಸಿ. ಬೈಕಿನ ಮೇಲೆ, ಶಾಲೆಯ ಮೈದಾನದಲ್ಲಿ, ಐದು ಭಾನುವಾರ ಕದ್ದುಮುಚ್ಚಿ ಕಲಿತಿದ್ದಳು. ಲೈಸೆನ್ಸು ಆಗಲೇ ಅವಳ ದಾರದುಂಡೆಯ ಡಬ್ಬಿಯಲ್ಲಿತ್ತು.

ಆಯ್ಕೆ ಎರಡೇ ಇದ್ದವು. ಚಿಕ್ಕದು ನೂರ ಇಪ್ಪತ್ತೈದು ಸಿ.ಸಿ., ದೊಡ್ಡದು ಮುನ್ನೂರ ಐವತ್ತು. ಅತ್ತೆ ದಿನಾ ಮಾಡುವ ಕೆಲಸವೆಂದರೆ ಎರಡು ಯೂನಿಫಾರ್ಮ್ ಅಂಗಡಿ ಮತ್ತು ಒಂದು ಹೋಟೆಲಿನಿಂದ ಬಟ್ಟೆಯ ಗಂಟು ತರುವುದು, ಸರಿಮಾಡಿ ವಾಪಸ್ ಕೊಡುವುದು. ಅದಕ್ಕೆ ಚಿಕ್ಕದು ಧಾರಾಳ ಸಾಕು. ಹಗುರ, ಕಡಿಮೆ ಪೆಟ್ರೋಲು ಕುಡಿಯುತ್ತದೆ, ಎಲ್ಲಿ ಬೇಕಾದರೂ ನುಗ್ಗುತ್ತದೆ. ದೊಡ್ಡದರ ಪರವಾಗಿ ಹೇಳಲು ಒಂದು ವಾದವೂ ಇರಲಿಲ್ಲ. ಅದು ಧಗ್ ಧಗ್ ಎನ್ನುತ್ತಿತ್ತು, ಅಷ್ಟೇ.

ಆದರೆ ಐದನೇ ಭಾನುವಾರ, ಶಾಲೆಯ ಮೆಟ್ಟಿಲ ಮೇಲೆ ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಅತ್ತೆ ನನಗೆ ಒಂದು ಕತೆ ಹೇಳಿದ್ದಳು. ಅವಳಿಗೆ ಹದಿನೇಳು ವರ್ಷವಿದ್ದಾಗ ಅಪ್ಪ, ಅಂದರೆ ಅವಳ ಅಣ್ಣ, ಒಂದು ಕಪ್ಪು ದೊಡ್ಡ ಬೈಕು ತಂದಿದ್ದನಂತೆ. ಒಂದೇ ಒಂದು ಸುತ್ತು ಕೊಡು ಎಂದು ಅವಳು ಗೋಗರೆದಳು. ಆರಡಿ ಎತ್ತರದ ಅಪ್ಪ ಅವಳನ್ನು ಸೀಟಿನ ಮೇಲೆ ಕೂರಿಸಿ, ಗಾಳಿಯಲ್ಲಿ ತೂಗುತ್ತಿದ್ದ ಪಾದಗಳನ್ನು ಗೆಳೆಯರಿಗೆಲ್ಲ ತೋರಿಸಿ, ಕಾಲು ಎಟುಕಿದ ದಿನ ಕೊಡುತ್ತೇನೆ ಎಂದ. ಅತ್ತೆ ಅದನ್ನು ನಂಬಿದಳು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ಪ್ರತಿ ತಿಂಗಳೂ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡಳು. ಎರಡು ವರ್ಷದ ಗೆರೆಗಳೂ ಒಂದರ ಮೇಲೊಂದು ಬಿದ್ದು ಕೊನೆಗೆ ಒಂದೇ ದಪ್ಪ ಗೆರೆಯಾಯಿತು. ಅಷ್ಟರಲ್ಲಿ ಅಪ್ಪ ಬೈಕು ಮಾರಿ, ಆ ಮಾತನ್ನೂ ಮರೆತುಬಿಟ್ಟ. ಮೂವತ್ತೆರಡು ವರ್ಷವಾದರೂ ಅತ್ತೆ ಮರೆತಿರಲಿಲ್ಲ. ದೊಡ್ಡ ಬೈಕಿನ ಮೇಲೆ ಕೂತು, ಎರಡೂ ಪಾದ ನೆಲಕ್ಕೆ ಊರಿ, ಅಣ್ಣನ ಮುಖ ನೋಡಬೇಕು. ಅವಳಿಗೆ ಬೇಕಾದದ್ದು ಇಷ್ಟು. ನಾನು ಅವತ್ತೇ ಅವಳ ಪಕ್ಷ ಸೇರಿಬಿಟ್ಟೆ.

ಉಳಿದವರೆಲ್ಲ ಚಿಕ್ಕದರ ಪಕ್ಷ. ಮುಖ್ಯವಾಗಿ ಮಾವ. ಅವರು ತಕ್ಕಡಿ ರಿಪೇರಿ ಮಾಡುತ್ತಾರೆ, ಹಾಗಾಗಿ ಅವರಿಗೆ ಪ್ರಪಂಚವೆಲ್ಲ ಕಿಲೋಗ್ರಾಮಿನಲ್ಲೇ ಕಾಣುತ್ತದೆ. ಅತ್ತೆ ಎಲ್ಲವನ್ನೂ ಅಳೆಯುತ್ತಾಳೆ, ಮಾವ ಎಲ್ಲವನ್ನೂ ತೂಗುತ್ತಾರೆ, ಇಬ್ಬರೂ ಸೇರಿ ತರಕಾರಿ ತರಲು ಹೊರಟರೆ ಅಂಗಡಿಯವರು ಬಾಗಿಲು ಮುಚ್ಚುವುದೊಂದು ಬಾಕಿ. ಮಾವ ಊಟದ ಮೇಜಿನ ಮೇಲೆ ಚೀಟಿ ಇಟ್ಟರು. ಬೈಕು ನೂರ ತೊಂಬತ್ತು, ನೀನು ನಲವತ್ತಾರು ಎಂದು ಅದರಲ್ಲಿ ಬರೆದಿತ್ತು.

"ನೀವು ಎಪ್ಪತ್ತೆಂಟು," ಅತ್ತೆ ಚೀಟಿ ಮಡಚುತ್ತಾ ಅಂದಳು, "ನಿಮ್ಮನ್ನ ಇಪ್ಪತ್ತು ವರ್ಷದಿಂದ ನಾನೇ ಅಲ್ವಾ ಸ್ಕೂಟರಲ್ಲಿ ಹೊತ್ಕೊಂಡು ತಿರುಗ್ತಿರೋದು?"

ಮಾವನಿಗೆ ಸ್ಕೂಟರು ಓಡಿಸಲು ಬರುವುದಿಲ್ಲ. ಅವರು ಚೀಟಿಯನ್ನು ಜೇಬಿಗೆ ಹಾಕಿಕೊಂಡರು.

ನಾವಿಬ್ಬರೂ ಮಧ್ಯಾಹ್ನ ಅಂಗಡಿಯಿಂದ ನೇರವಾಗಿ ಶೋರೂಮಿಗೆ ಹೋದೆವು. ಅತ್ತೆಯ ಕೊರಳಲ್ಲಿ ಟೇಪು ಹಾಗೇ ಇತ್ತು. ಅಲ್ಲಿಯ ಮ್ಯಾನೇಜರು ಅವಳ ಹಳೇ ಗಿರಾಕಿ. ಆತನ ಸೊಂಟ ವರ್ಷಕ್ಕೊಮ್ಮೆ ಬೆಳೆಯುವ ಗುಟ್ಟು ಅವಳೊಬ್ಬಳಿಗೇ ಗೊತ್ತಿದ್ದರಿಂದ ಆತ ಎದ್ದು ನಿಂತು ನಮಸ್ಕಾರ ಮಾಡಿದ. ಅತ್ತೆ ಬ್ರೋಷರಿನ ಕಡೆ ತಿರುಗಿಯೂ ನೋಡದೆ ದೊಡ್ಡದರ ಮೇಲೆ ಹತ್ತಿ ಕೂತಳು. ಕಾಲು ತೂಗಿತು. ನನ್ನ ಕೈಗೆ ಟೇಪು ಕೊಟ್ಟಳು. ಹಿಮ್ಮಡಿಯಿಂದ ನೆಲಕ್ಕೆ ಎರಡೂವರೆ ಇಂಚು. ಅವಳು ಸೀಟನ್ನು ಹಿಸುಕಿ ನೋಡಿದಳು, ಪಕ್ಕದ ಉಬ್ಬನ್ನು ಬೆರಳಿನಲ್ಲಿ ಸವರಿದಳು. ಆಮೇಲೆ ಕಿವಿಯ ಸಂದಿಯಲ್ಲಿದ್ದ ಚಾಕ್‌ಪೀಸು ತೆಗೆದು, ಮ್ಯಾನೇಜರು ಬೇಡ ಬೇಡ ಎನ್ನುವಷ್ಟರಲ್ಲಿ, ಹೊಚ್ಚ ಹೊಸ ಸೀಟಿನ ಮೇಲೆ ಎರಡು ಬಿಳಿ ಗೆರೆ ಎಳೆದೇಬಿಟ್ಟಳು. ತೊಡೆಯ ಹತ್ತಿರ ಅಗಲ ಜಾಸ್ತಿ, ಒಳಗೆ ಸ್ಪಂಜು ಜಾಸ್ತಿ, ಟ್ರಯಲ್ ನೋಡದೆ ಯಾವುದನ್ನೂ ತೆಗೆದುಕೊಳ್ಳುವ ಅಭ್ಯಾಸ ತನಗಿಲ್ಲ ಎಂದಳು. ಆತ ಬೆವರು ಒರೆಸಿಕೊಂಡು, ಸರ್ವಿಸ್ ವಿಭಾಗದಲ್ಲಿ ಯಾರೋ ಬದಲಾಯಿಸಿ ಬಿಟ್ಟುಹೋಗಿದ್ದ ಅದೇ ಮಾದರಿಯ ಹಳೇ ಸೀಟನ್ನು ತರಿಸಿಕೊಟ್ಟ. ಅದನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಬೈಕಿನ ಹಿಂದೆ ಕೂತ ಅತ್ತೆ ದಾರಿಯುದ್ದಕ್ಕೂ ಹಾಡಿದಳು. ಅವಳಿಗೆ ರಾಗ ಬರುವುದಿಲ್ಲ, ಆದರೂ ನಾನು ಸಹಿಸಿಕೊಂಡೆ.

ಮೂರು ದಿನ ಅಂಗಡಿಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಸೀಟಿನ ಕವರು ಬಿಚ್ಚಿ, ಬ್ರೆಡ್ಡು ಕೊಯ್ಯುವ ಚಾಕುವಿನಲ್ಲಿ ಸ್ಪಂಜು ಹೆರೆದು, ಮತ್ತೆ ಅಳೆದು, ಮತ್ತೆ ಹೆರೆದಳು. ಬಟ್ಟೆ ಕೊಡಲು ಬಂದವರೆಲ್ಲ ನಿಂತು ಸಲಹೆ ಕೊಟ್ಟರು. ಔಷಧಿ ಅಂಗಡಿಯಾಕೆ ಚಿಕ್ಕದೇ ವಾಸಿ ಎಂದಳು. ತನ್ನ ಜೀವಮಾನದಲ್ಲಿ ಸೈಕಲ್ಲನ್ನೂ ಹತ್ತದ ಗಣಿತದ ಮೇಷ್ಟ್ರು ಬೈಕಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅತ್ತೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಎಲ್ಲರಿಗೂ ಹ್ಞೂಂ ಹ್ಞೂಂ ಎನ್ನುತ್ತಿದ್ದಳು. ಕೊನೆಗೆ ಕವರಿಗೆ ಎರಡೆಳೆ ಹೊಲಿಗೆ ಹಾಕಿದಳು. ಹಿಂದೆ ಕೂರುವವರ ಜಾಗವನ್ನು ಮಾತ್ರ ಇದ್ದ ಹಾಗೇ ಬಿಟ್ಟಳು.

ಟ್ರಯಲ್ ದಿನ ಅಪ್ಪ, ಮಾವ, ನಾನು ಮೂವರೂ ಶೋರೂಮಿನ ಹಿಂದಿನ ಅಂಗಳದಲ್ಲಿ ಸಾಲಾಗಿ ನಿಂತೆವು. ಓಡಿಸುವವರು ಪೂರ್ತಿ ಮುಚ್ಚುವ ಶೂ ಹಾಕಿರಬೇಕೆಂಬ ನಿಯಮವಿತ್ತು, ಅತ್ತೆ ನನ್ನ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದಳು. ಮೆಕ್ಯಾನಿಕ್ಕು ಅತ್ತೆ ಹೆರೆದ ಸೀಟನ್ನು ದೊಡ್ಡದಕ್ಕೆ ಕೂರಿಸಿದ. ಅತ್ತೆ ಹತ್ತಿದಳು, ಉಸಿರು ಬಿಗಿಹಿಡಿದು ಕಾಲು ಕೆಳಗಿಟ್ಟಳು. ಎಟುಕಲಿಲ್ಲ. ಬೈಕು ಎಡಕ್ಕೆ ವಾಲಿತು, ಮಾವ ಮತ್ತು ಮೆಕ್ಯಾನಿಕ್ಕು ಒಟ್ಟಿಗೆ ಓಡಿ ಹಿಡಿದರು. ನಾನು ಟೇಪು ಹಿಡಿದೆ. ಒಂದೂವರೆ ಇಂಚು ಕಮ್ಮಿ.

"ಕಾಲು ಎಟುಕಲ್ಲ ಕಣೇ," ಎಂದ ಅಪ್ಪ.

ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದ. ಆದರೆ ಅತ್ತೆಯ ಮುಖ ನನಗೆ ನೋಡಲಾಗಲಿಲ್ಲ. ಮೂರು ದಿನದಿಂದ ಕುಣಿಯುತ್ತಿದ್ದವಳು ಸುಮ್ಮನೆ ಇಳಿದಳು. ಮ್ಯಾನೇಜರು ಚಿಕ್ಕದನ್ನು ತರಿಸಿದ. ಅತ್ತೆ ಕೂತಳು, ಎರಡೂ ಪಾದದ ಮುಂಭಾಗ ಸಲೀಸಾಗಿ ನೆಲ ಮುಟ್ಟಿತು. ಮಾವ ಚಪ್ಪಾಳೆ ತಟ್ಟಿದರು. ಅವರ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಒಳಗೆ ಹೋಗಿ ಚಿಕ್ಕದರ ಅರ್ಜಿ ತುಂಬಿದ್ದಾಯಿತು. ಸಹಿ ಒಂದು ಉಳಿದಿತ್ತು. ಅತ್ತೆ ಪೆನ್ನು ಹಿಡಿದುಕೊಂಡು ತಲೆ ತಗ್ಗಿಸಿ ತನ್ನ ಪಾದಗಳನ್ನೇ ನೋಡುತ್ತಾ ಕೂತಳು. ಅಳುತ್ತಿದ್ದಾಳೆ ಎಂದುಕೊಂಡೆ. ಭುಜ ಬೇರೆ ಅಲುಗುತ್ತಿತ್ತು. ಹತ್ತಿರ ಹೋದರೆ, ನಗುತ್ತಿದ್ದಳು.

"ಚಪ್ಪಲಿ ಕಣೇ," ಅಂದಳು. ಅದಕ್ಕಿಂತ ಹೆಚ್ಚಿಗೆ ಹೇಳಲು ಅವಳಿಗೆ ನಗು ಬಿಡಲಿಲ್ಲ.

ಅವಳ ಅಂಗಡಿಯ ಕತ್ತರಿಸುವ ಮೇಜು ಅವಳಿಗೆ ಕೆಲಸ ಕಲಿಸಿದ ದರ್ಜಿಯದು. ಆತ ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರವಿದ್ದ. ಊರಿನ ಬಟ್ಟೆಯನ್ನೆಲ್ಲ ಕತ್ತರಿಸುವ ಅತ್ತೆ ಗುರುವಿನ ಮೇಜಿನ ಕಾಲನ್ನು ಮಾತ್ರ ಕತ್ತರಿಸಲಿಲ್ಲ, ಅಂಗಡಿಯಲ್ಲಿ ಹಾಕುವ ತನ್ನ ಚಪ್ಪಲಿಗೆ ಒಂದೂವರೆ ಇಂಚಿನ ಅಟ್ಟೆ ಹೊಡೆಸಿಕೊಂಡಳು. ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆಯೇ ಇರುತ್ತಾಳೆ, ಅದು ತನ್ನದೇ ಎತ್ತರ ಎಂದು ನಂಬಿಬಿಟ್ಟಿದ್ದಾಳೆ. ಶೋರೂಮಿನಲ್ಲಿ ಮೊದಲ ದಿನ ನಾನು ಅಳೆದದ್ದು ಆ ಚಪ್ಪಲಿಯ ಅಡಿಯಿಂದ, ಟ್ರಯಲ್‌ಗೆ ಹಾಕಿಕೊಂಡ ನನ್ನ ಶೂವಿಗೆ ಆ ಅಟ್ಟೆ ಇರಲಿಲ್ಲ. ಅವಳ ಅಂಗಡಿಯ ಗೋಡೆಯಲ್ಲಿ ಅವಳೇ ಬರೆಸಿದ ಬೋರ್ಡು ಇದೆ: ಪ್ಯಾಂಟಿನ ಅಳತೆ ಕೊಡುವವರು ಹಾಕಿಕೊಳ್ಳುವ ಶೂ ಧರಿಸಿಯೇ ಬರತಕ್ಕದ್ದು. ಆ ಬೋರ್ಡಿನ ಕೆಳಗೆ ಕೂತು ಮೂರು ದಿನ ತಪ್ಪು ಅಳತೆಗೆ ಸ್ಪಂಜು ಹೆರೆದಿದ್ದಳು. ಅರ್ಜಿಯನ್ನು ನಾಲ್ಕಾಗಿ ಮಡಚಿ ಮ್ಯಾನೇಜರ ಕೈಗಿಟ್ಟು, ನಾಳೆ ಬರುತ್ತೇನೆ ಎಂದು ಎದ್ದಳು.

ಸ್ಪಂಜು ಇನ್ನು ಹೆರೆಯುವಷ್ಟು ಉಳಿದಿರಲಿಲ್ಲ. ಹಾಗಾಗಿ ನೇರವಾಗಿ ಆ ಚಪ್ಪಲಿ ಮಾಡಿಕೊಟ್ಟವನ ಹತ್ತಿರ ಹೋದಳು. ಗಟ್ಟಿ ಚರ್ಮದ ಶೂ, ಅದರ ಕೆಳಗೆ ಜಾರದ ರಬ್ಬರಿನ ಒಂದೂವರೆ ಇಂಚು ಅಟ್ಟೆ, ಗೇರಿಗೆ ಬೆರಳು ತೂರುವ ಹಾಗೆ ಮುಂದೆ ಸ್ವಲ್ಪ ಸವೆಸಿದ್ದು. ಮರುದಿನ ಅದನ್ನು ಹಾಕಿಕೊಂಡು ಅಂಗಳಕ್ಕೆ ಬಂದಾಗ ಅವಳು ಮಾವನ ಕಿವಿಯ ಎತ್ತರಕ್ಕಿದ್ದಳು. ಮಾವ ಎರಡು ಸಲ ತಿರುಗಿ ನೋಡಿದರು.

ಹತ್ತಿ ಕೂತಳು. ಎರಡೂ ಪಾದ, ಹಿಮ್ಮಡಿಯೂ ಸೇರಿ, ನೆಲದ ಮೇಲೆ ಇಸ್ತ್ರಿ ಮಾಡಿಟ್ಟ ಹಾಗೆ ಕೂತವು. ಬೈಕನ್ನು ಎಡಕ್ಕೆ ತೂಗಿದಳು, ಬಲಕ್ಕೆ ತೂಗಿದಳು, ಅದು ಹೇಳಿದ ಹಾಗೆ ಕೇಳಿತು. ಮಾವ ಸುತ್ತ ಒಂದು ಪ್ರದಕ್ಷಿಣೆ ಬಂದು, ತಕ್ಕಡಿಯ ಮುಳ್ಳು ನೆಟ್ಟಗೆ ನಿಂತರೆ ಎರಡು ಕಡೆಯ ತೂಕವೂ ಕೈಗೆ ಗೊತ್ತಾಗುವುದಿಲ್ಲ ಎಂದು ಒಪ್ಪಿಕೊಂಡರು. ಅವರ ಬಾಯಲ್ಲಿ ಇದು ದೊಡ್ಡ ಮಾತು. ಅತ್ತೆ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವಳು ಅಪ್ಪನನ್ನು ನೋಡುತ್ತಿದ್ದಳು.

"ಅಣ್ಣಾ, ಎಟುಕ್ತು. ಕಾಲು ಎಟುಕಿದ ದಿನ ಕೊಡ್ತೀನಿ ಅಂದಿದ್ದೆ."

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾದದ್ದು ಅವನ ಕಿವಿ ಕೆಂಪಾಗಿದ್ದರಿಂದ ನಮಗೆ ಗೊತ್ತಾಯಿತು. ನೆಲ ನೋಡಿದ, ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ನಿನ್ನ ಕಾಲಿನ ವಿಷಯ ಅಲ್ಲ ಕಣೇ ಅದು," ಅಂದ. "ಆ ಬೈಕು ಕಂಡ್ರೆ ನಂಗೇ ಭಯ. ಬೀದಿ ತಿರುವಿನ ತನಕ ಜೋರಾಗಿ ಹೋಗ್ತಿದ್ದೆ, ಆಮೇಲೆ ಯಾರಿಗೂ ಕಾಣದ ಹಾಗೆ ಇಳಿದು ತಳ್ತಿದ್ದೆ. ನಿನ್ನ ಕೈಗೆ ಕೊಟ್ರೆ ನೀನು ಓಡಿಸ್ಬಿಡ್ತೀಯ ಅಂತ ಗೊತ್ತಿತ್ತು."

ಮೂವತ್ತೆರಡು ವರ್ಷ, ಬಾಗಿಲ ಮೇಲಿನ ಆ ದಪ್ಪ ಗೆರೆ. ನಾನಾಗಿದ್ದರೆ ಜಗಳ ತೆಗೆದು ಊರು ಒಂದು ಮಾಡುತ್ತಿದ್ದೆ. ಅತ್ತೆಯ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ನಗು ಬಂತು. "ಅಲ್ವೋ ಅಣ್ಣ, ತಳ್ತಿದ್ಯಾ?" ಎಂದವಳೇ ಟ್ಯಾಂಕಿನ ಮೇಲೆ ತಲೆಯಿಟ್ಟು ನಕ್ಕಳು. ಅಪ್ಪನೂ ಶುರುಮಾಡಿದ. ಮ್ಯಾನೇಜರು ನಕ್ಕು ನಕ್ಕು, ಹೋದ ವಾರವಷ್ಟೇ ಅತ್ತೆ ಸಡಿಲಿಸಿಕೊಟ್ಟಿದ್ದ ಪ್ಯಾಂಟನ್ನು ಹಿಡಿದುಕೊಂಡು ಗೋಡೆಗೆ ಒರಗಿದ.

ನಗು ನಿಂತ ಮೇಲೆ ಅತ್ತೆ ಮ್ಯಾನೇಜರಿಂದ ಒಂದು ಸುತ್ತಿಗೆಂದು ಕೀಲಿ ಇಸಿದುಕೊಂಡು, ಹೆಲ್ಮೆಟ್ಟು ಹಾಕಿಕೊಂಡು ಅಪ್ಪನಿಗೆ ಹಿಂದೆ ಹತ್ತಲು ಹೇಳಿದಳು. ಹಿಂದಿನ ಸೀಟು ತಗ್ಗಿಸಿರಲಿಲ್ಲವಲ್ಲ, ಆರಡಿಯ ಅಪ್ಪ ಅವಳ ತಲೆಯ ಮೇಲೆ ಮಾಳಿಗೆ ಕಟ್ಟಿದ ಹಾಗೆ ಕೂತ, ಎರಡೂ ಕೈಯಲ್ಲಿ ಅವಳ ಭುಜ ಹಿಡಿದುಕೊಂಡ. ಧಗ್ ಧಗ್ ಎಂದು ಗೇಟು ದಾಟಿದರು. ನಾನು ಮಾವನನ್ನು ನನ್ನ ನೂರ ಹತ್ತರ ಮೇಲೆ ಕೂರಿಸಿಕೊಂಡು ಹಿಂಬಾಲಿಸಿದೆ.

ಮೊದಲ ಅಡ್ಡರಸ್ತೆಯಲ್ಲಿ ಅತ್ತೆ ನಿಲ್ಲಿಸಿದಳು. ಅಲ್ಲಿ ಸಿಗ್ನಲ್ಲಿಲ್ಲ, ಎದುರಿಗೆ ಒಂದು ನಾಯಿಯೂ ಇರಲಿಲ್ಲ. ಎರಡೂ ಕಾಲು ಊರಿ, ಆ ಕಡೆ ಈ ಕಡೆ ನೋಡಿ, ಮತ್ತೆ ಹೊರಟಳು. ಎರಡನೇ ಅಡ್ಡರಸ್ತೆಯಲ್ಲೂ ಹಾಗೇ. ಮೂರನೆಯದರಲ್ಲಿ ಬ್ರೇಕು ಹಾಕಿದಾಗ ಅಪ್ಪ ಹೆದರಿ ತನ್ನ ಉದ್ದನೆಯ ಕಾಲುಗಳನ್ನು ನೆಲಕ್ಕೆ ಚಾಚಿದ.

"ಅಣ್ಣಾ, ಕಾಲು ಮೇಲೆ ತಗೋ," ಅತ್ತೆ ತಿರುಗಿ ನೋಡದೆ ಅಂದಳು. "ನಾನಿದೀನಲ್ಲ."

ಅಪ್ಪ ಎರಡೂ ಕಾಲು ಮೇಲೆ ತೆಗೆದುಕೊಂಡ.