ಗುಂಯ್ ಎನ್ನುವ ಜೀಪಿನಲ್ಲಿ ಮೆಟ್ರಿಯ ಕಾಲುವೆವರೆಗೆ

ಬಿಸಿಲು ಏರುವ ಮುಂಚೆಯೇ ಹೊಸಪೇಟೆ ಬಿಟ್ಟೆವು. ಜೀಪನ್ನು ಮಾರಲು ಹೊರಟಿದ್ದೆವು. ನಮ್ಮವರು, ಅಂದರೆ ನನ್ನ ಗಂಡ ತಿಪ್ಪಣ್ಣ, ಇದೇ ಜೀಪಿನಲ್ಲಿ ಗಣಿ ಕೆಲಸದವರನ್ನು ಸಂಡೂರಿಗೆ ಬಿಟ್ಟು, ಸಂಜೆ ಕರೆತಂದು, ನಮ್ಮ ಸಂಸಾರ ನಡೆಸಿದವರು. ಒಂದು ವರ್ಷದಿಂದ ಹಿಂದಿನ ಚಕ್ರಗಳ ನಡುವಿನ ಕುಂಬಳಕಾಯಿಯಂಥ ಕಬ್ಬಿಣದ ಗೂಡಾದ ಹೌಸಿಂಗ್‌ನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಒಳಗಿನ ಹಲ್ಲುಚಕ್ರಗಳು ಸವೆದಿವೆ, ಬಿಚ್ಚಿಸಿದರೆ ಗಾಡಿಗಿಂತ ರಿಪೇರಿಯೇ ದುಬಾರಿ ಎಂದು ಮೆಕ್ಯಾನಿಕ್ ಕೈಚೆಲ್ಲಿದ್ದ. ಮೆಟ್ರಿಯ ರೈತ ಮಹಿಳೆ ನಿಂಗಮ್ಮ, ಹೊಲದ ಸಾಮಾನು ಸಾಗಿಸಲು ಸಾಕು, ಸದ್ದಿದ್ದರೂ ತಗೊಳ್ಳುತ್ತೇನೆ ಎಂದಿದ್ದರು. ನಮ್ಮವರು ಮಾತು ಕೊಟ್ಟಿದ್ದರು. ನಾಳೆಯಿಂದ ಬೇರೆಯವರ ಗಾಡಿಗೆ ಸಂಬಳದ ಡ್ರೈವರ್. ಆ ವಿಷಯವನ್ನು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಮೆಟ್ರಿಗೆ ಹೋಗುವ ಮೊದಲು ಅದರ ವಿರುದ್ಧ ದಿಕ್ಕಿನ ಸಂಡೂರಿಗೆ ಹೋಗಬೇಕಿತ್ತು. ಸ್ಟೆಪ್ನಿ ಚಕ್ರ ಅಲ್ಲಿಯ ಪಂಕ್ಚರ್ ಅಂಗಡಿಯಲ್ಲಿ ಉಳಿದಿತ್ತು. ಸ್ಟೆಪ್ನಿ ಇಲ್ಲದೆ ಗಾಡಿ ಕೊಡುವುದು ಮರ್ಯಾದೆಯಲ್ಲ ಎಂದು ಇವರ ಹಟ. ಸುಮಾರು ಮೂವತ್ತು ಕಿಲೋಮೀಟರು ದಾರಿ. ಮಳೆಗಾಲ ಮುಗಿದು ಗುಡ್ಡಗಳ ಕೆಂಪಿನ ಮೇಲೆ ಹಸಿರು ಹಬ್ಬಿತ್ತು. ಅದರ ಮೇಲೆ ಮಂಜು ಕೂತಿತ್ತು. ಎದುರಿಂದ ಬರುವ ಅದಿರಿನ ಲಾರಿಗಳು ಮಂಜಿನಿಂದ ಮೆಲ್ಲಗೆ ಮೂಡಿ ಮತ್ತೆ ಮಂಜಿನಲ್ಲೇ ಕರಗುತ್ತಿದ್ದವು. ಜೀಪು ಹತ್ತಿದರೆ ನನಗೆ ಜೊಂಪು ಹತ್ತುವುದು ಮೊದಲಿನಿಂದಲೂ ಇದ್ದದ್ದೇ. ಕನಸಿನಲ್ಲಿ ಯಾರೋ ಜೋಳ ಬೀಸುತ್ತಿದ್ದರು. ಮುಖ ಕಾಣಲಿಲ್ಲ, ಬಳೆಗಳಷ್ಟೇ ಕಂಡವು. ಬೀಸುಕಲ್ಲು ನಿಲ್ಲಲೇ ಇಲ್ಲ. ಕಣ್ಣು ಬಿಟ್ಟರೆ ಅದು ನಮ್ಮ ಹೌಸಿಂಗ್.

ಸಂಡೂರಿನಲ್ಲಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿಂದೆವು. ಸ್ಟೆಪ್ನಿಯನ್ನು ಹಿಂದೆ ಕಟ್ಟಿಕೊಂಡು, ಚಹಾ ಕುಡಿದು, ಘಟ್ಟ ಇಳಿದೆವು. ಇಳಿಯುವಾಗ ಸದ್ದು ಹೆಚ್ಚಾಯಿತು. ನಮ್ಮವರು ತುಟಿ ಬಿಗಿದು ನಡೆಸಿದರು. ಹೊಸಪೇಟೆ ದಾಟಿ ಹಂಪಿಯ ಹತ್ತಿರ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಗಾಡಿ ಆರಲಿ ಎಂದು ದಾರಿ ಪಕ್ಕದ ಒಂದು ಹಾಳು ಮಂಟಪದ ಬಳಿ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಸುತ್ತ ಬಂಡೆಗಳು ಬಿಸಿಲಿನಲ್ಲಿ ತೇಲುವಂತೆ ಕಾಣುತ್ತಿದ್ದವು. ಆಚೆ ಬಾಳೆತೋಟದಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಹೊತ್ತು ಅಲ್ಲೇ ನಿಂತುಬಿಟ್ಟರೆ ಎಷ್ಟು ಚೆನ್ನ, ಮೆಟ್ರಿ ಬರುವುದೇ ಬೇಡ ಅನ್ನಿಸಿತು.

ನಮ್ಮವರು ಬಗ್ಗಿ ಹೌಸಿಂಗ್ ಮುಟ್ಟಿ ಕೈ ಕೊಡವಿದರು.

“ಕೈ ಇಡಾಕ ಆಗವಲ್ದು, ಸರೋಜಾ. ಎಂಜಿನ್ ಎಣ್ಣಿ ಒಂದಿನ ತಡ ಮಾಡ್ಲಿಲ್ಲ ನಾನು. ಮತ್ಯಾಕ ಹಿಂಗಾತು?”

“ಇದರಾಗೂ ಎಣ್ಣಿ ಇರತೈತಲ್ಲ? ಅದನ್ನ ಯಾವಾಗ ಬದಲು ಮಾಡ್ತಾರ?” ಎಂದೆ.

“ನಲವತ್ತು ಸಾವಿರ ಕಿಲೋಮೀಟರಿಗೆ ಅಂತ ಗಾಡಿ ಪುಸ್ತಕದಾಗ ಐತಿ. ಹಿಂದಿನ ಸಲ ಹಾಕಿಸಿದ ಮ್ಯಾಲ ಇನ್ನೂ ಅಷ್ಟು ಓಡಿಲ್ಲ. ಅದೇನು ಸುಡೂ ಎಣ್ಣಿ ಅಲ್ಲ ಬಿಡು, ಸುಮ್ನ ಒಳಗ ಇರತೈತಿ.”

ಕಂಪ್ಲಿ ಕಡೆಗೆ ಹೊರಟಂತೆ ಬಂಡೆಗಳು ಹಿಂದೆ ಸರಿದು ಭತ್ತದ ಗದ್ದೆಗಳು ಬಂದವು. ಗಾಳಿಯಲ್ಲಿ ಕೆಸರಿನ ತಂಪು ವಾಸನೆ. ಕೊಕ್ಕರೆಗಳು ಟ್ರ್ಯಾಕ್ಟರಿನ ಹಿಂದೆಯೇ ನಡೆಯುತ್ತಿದ್ದವು. ಮತ್ತೆ ಕಣ್ಣು ಎಳೆಯಿತು. ಈ ಸಲ ನಾನೇ ಬೇಡವೆಂದು ಎಚ್ಚರವಾಗಿ ಕೂತೆ. ಈ ಸದ್ದು ನಮ್ಮದಾಗಿರುವುದು ಇನ್ನೆಷ್ಟು ಹೊತ್ತು?

ಮೆಟ್ರಿಯಲ್ಲಿ ನಿಂಗಮ್ಮನವರು ಅಂಗಳದಲ್ಲೇ ಕಾದಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

“ಬರ್ರಿ, ಕುಂದ್ರಿ. ಮೊದಲು ನೀರು ಕುಡೀರಿ,” ಎಂದರು. ನೀರು ಕುಡಿದಾದ ಮೇಲೆ, “ತಿಪ್ಪಣ್ಣ, ತಪ್ಪು ತಿಳೀಬ್ಯಾಡ್ರಿ. ನಾನು ಯಾವ ಗಾಡಿ ತಗೊಂಡ್ರೂ ಹಳೇ ಎಣ್ಣಿ ಇಳಿಸಿ ನೋಡೇ ತಗೊಳ್ಳಾಕಿ,” ಎಂದರು.

ನಮ್ಮವರೇ ಗಾಡಿಯಡಿ ನುಸುಳಿದರು. ಗೇರ್ ಬಾಕ್ಸಿನಿಂದ ಇಳಿದ ಎಣ್ಣೆ ಕಪ್ಪಗಿತ್ತು, ಆದರೆ ಅದರಲ್ಲಿ ಬೇರೇನೂ ಬೆರೆತಿರಲಿಲ್ಲ. ಹೌಸಿಂಗಿನ ಬೋಲ್ಟು ಬಿಚ್ಚಿದಾಗ ಮಾತ್ರ ಮೊದಲು ಬೋಗುಣಿಗೆ ಬಿದ್ದದ್ದು ನೀರು. ಆಮೇಲೆ ಹಾಲು ಹೆಚ್ಚಾದ ಚಹಾದ ಬಣ್ಣದ್ದೇನೋ ಲೊಳಲೊಳ ಇಳಿಯಿತು. ಇವರು ಅಡಿಯಿಂದ ಈಚೆ ಬರಲೇ ಇಲ್ಲ.

“ಗಾಡಿ ನೀರಿಗೆ ಇಳಿದಿತ್ತೇನ್ರಿ?” ನಿಂಗಮ್ಮ ಕೇಳಿದರು.

ನಾನೇ ಉತ್ತರ ಕೊಟ್ಟೆ. ಪ್ರತಿ ಅಮಾವಾಸ್ಯೆಗೆ ಗಾಡಿ ಪೂಜೆ. ಅದರ ಹಿಂದಿನ ಸಂಜೆ ಇವರು ಸಂಡೂರಿನ ಘಟ್ಟ ಇಳಿದು, ಕೆಂಪು ಧೂಳಿನಲ್ಲಿ ಮಿಂದ ಜೀಪನ್ನು ನೇರ ನಮ್ಮೂರ ಹೊರಗಿನ ಕಾಲುವೆಗೆ ಇಳಿಸುತ್ತಿದ್ದರು. ಹೌಸಿಂಗ್ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ, ಕತ್ತಲಾಗುವವರೆಗೆ ಉಜ್ಜುತ್ತಿದ್ದರು. ನನಗೂ ಅಷ್ಟು ಸೇವೆ ಮಾಡಿದವರಲ್ಲ ಎಂದು ಓಣಿಯವರ ಮುಂದೆ ಎಷ್ಟು ಸಲ ಆಡಿಕೊಂಡಿದ್ದೇನೋ!

“ಹಂಗ ಹೇಳ್ರಿ ಮತ್ತ,” ಎಂದರು ನಿಂಗಮ್ಮ. “ಕಾದಿದ್ದನ್ನ ತಣ್ಣೀರಿಗೆ ಇಳಿಸಿದ್ರ ಒಳಗಿನ ಗಾಳಿ ಕುಗ್ಗತೈತಿ, ಸಂದ್ಯಾಗಿಂದ ನೀರು ಎಳಕೊಂತೈತಿ. ಪುಸ್ತಕದ ಲೆಕ್ಕ ಒಣ ರೋಡಿಗ್ರಿ. ನಮ್ಮ ಟ್ರ್ಯಾಕ್ಟರು ಕೆಸರಿನಾಗ ನಿಲ್ತಾವು. ಗದ್ದಿ ಕೆಲಸ ಮುಗೀತಂದ್ರ ಎಣ್ಣಿ ತೆಗೆದು ನೋಡ್ತೀವಿ. ಬೆಳ್ಳಗಾಗಿದ್ರ ಅವತ್ತೇ ಬದಲು. ನಾನೂ ಒಂದು ಟ್ರ್ಯಾಕ್ಟರು ಹಾಳು ಮಾಡ್ಕೊಂಡೇ ಕಲತದ್ದು.”

ಅವರ ಮನೆಯಲ್ಲಿದ್ದ ತೊಂಬತ್ತು ನಂಬರಿನ ಗೇರ್ ಎಣ್ಣೆಯನ್ನೇ ತಂದು ಎರಡಕ್ಕೂ ತುಂಬಿದರು. ಹೌಸಿಂಗಿನ ತಲೆಯ ಮೇಲಿನ ಗಾಳಿ ಕಿಂಡಿಯಲ್ಲಿ ಗಾಳಿಯೇ ಆಡದ ಹಾಗೆ ಕೆಂಪು ಮಣ್ಣು ಗಟ್ಟಿಯಾಗಿತ್ತು. ಅದನ್ನೂ ಬಿಡಿಸಿದರು. ನಾನೂ ನಮ್ಮವರೂ ಜೀಪಿನಲ್ಲಿ ಮೆಟ್ರಿಯ ಕಾಲುವೆ ದಂಡೆಯ ಮೇಲೆ ದೂರದವರೆಗೆ ಹೋಗಿ ಬಂದೆವು. ಗುಂಯ್ ಪೂರ್ತಿ ಹೋಗಿರಲಿಲ್ಲ, ಅರ್ಧಕ್ಕಿಳಿದಿತ್ತು. ಕಾಲುವೆ ನೀರು ನಮ್ಮ ಪಕ್ಕದಲ್ಲೇ ಸಾಗುತ್ತಿತ್ತು, ಇಳಿಬಿಸಿಲು ಅದರ ಮೇಲೆ ತೂಗಾಡುತ್ತಿತ್ತು. ನನ್ನ ಮನಸ್ಸು ಆಗಲೇ ಜೀಪನ್ನು ಹೊಸಪೇಟೆಗೆ ತಿರುಗಿಸಿತ್ತು.

“ಕೊಡೂದು ಬ್ಯಾಡ ಬಿಡ್ರಿ,” ಎಂದೆ.

ಇವರು ಜೀಪನ್ನು ನಿಂಗಮ್ಮನವರ ಮನೆ ಕಡೆ ತಿರುಗಿಸಿದರು. ಅಂಗಳಕ್ಕೆ ಬಂದಾಗ ನಿಂಗಮ್ಮ ಇವರ ಮುಖ ನೋಡಿ, “ಮನಸಿಲ್ಲಂದ್ರ ಒಯ್ಯಿರಿ ತಿಪ್ಪಣ್ಣ. ನನ್ನ ಒತ್ತಾಯ ಏನಿಲ್ಲ,” ಎಂದರು.

“ಇಲ್ರಿ ಅಕ್ಕಾರ,” ಎಂದರು ಇವರು. “ಸವೆದದ್ದು ಸವೀತು. ಮಂದಿ ಕುಂದ್ರಿಸಿಕೊಂಡು ಘಟ್ಟಕ್ಕ ಹೋಗಾಕ ಇನ್ನ ನನಗ ಧೈರ್ಯ ಇಲ್ಲ. ನಿಮ್ಮ ಬಯಲಿನಾಗ ಇದು ಇನ್ನೂ ಭಾಳ ವರ್ಷ ನಡೀತೈತಿ. ನಿಮ್ಮ ಕೈಯಾಗ ಇದು ಉಳಿತೈತಿ.” ಜೀಪಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿ, “ಒಂದು ಸಲ ತೊಳೆದು ಕೊಡ್ತೀನ್ರಿ,” ಎಂದು ಮತ್ತೆ ಜೀಪು ಹತ್ತಿದರು.

ನಾನೂ ಹತ್ತಿ ಕೂತೆ. ಊರ ಹೊರಗೆ ದಂಡೆ ತಗ್ಗಾಗಿ ಕಾಲುವೆಗೆ ಇಳಿಯುವ ಜಾಗವಿತ್ತು. ಇವರು ಹಳೇ ರೂಢಿಯಂತೆ ಅಲ್ಲಿಗೇ ತಿರುಗಿಸಿದರು. ಮುಂದಿನ ಚಕ್ರಗಳಿಗೆ ನೀರು ತಾಗಿತು, ಗಕ್ಕನೆ ಬ್ರೇಕು ಬಿತ್ತು. ಹಿಂದಕ್ಕೆ ತೆಗೆದು, ಎಂಜಿನ್ ಆರಿಸಿ, ಇಳಿದು ಹೋಗಿ ಹಿಂದಿನ ಚಕ್ರಗಳ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಹೌಸಿಂಗಿನ ಮೇಲೆ ಅಂಗೈ ಇಟ್ಟರು.

“ಇನ್ನೂ ಬಿಸಿ ಐತಿ. ಆರ್ಲಿ,” ಎಂದರು.

ನನಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ದಂಡೆಯ ಮೇಲೆ ಕೂತೆ. ನಾವು ಹಿಡಿಯಬೇಕಿದ್ದ ಹೊಸಪೇಟೆಯ ಬಸ್ಸು ರಸ್ತೆಯ ಆ ತುದಿಯಲ್ಲಿ ಹಾರ್ನ್ ಹಾಕಿತು, ನಿಂತಿತು, ಹೊರಟೂ ಹೋಯಿತು. ಇವರು ಕೈ ತೆಗೆದಿರಲಿಲ್ಲ. ನಾನೂ ಎಬ್ಬಿಸಲಿಲ್ಲ.